ಸೆಸ್ನಾ 34 ನಾಟ್‌ವರೆಗೂ ಸ್ಟಾಲ್ ಆಗುವುದಿಲ್ಲ, ಆದರೆ ಮಗುಚಿಯೇ ಬೀಳುತ್ತದೆ: ಯಾಸಿಮ್ ಫೈಲಿನಲ್ಲಿ ಎಲ್ಲಿ ತಪ್ಪಿದೆ?

ಕುಂದವಾಡ ಕೆರೆ (ದಾವಣಗೆರೆ)

ಫ್ಲೈಟ್‌ಗೇರ್ ಎಂಬ ವಿಮಾನ ಸಿಮ್ಯುಲೇಟರಿಗಾಗಿ ಸೆಸ್ನಾ 172ಎಸ್ ಎಂಬ ಪುಟ್ಟ ವಿಮಾನದ ಮಾದರಿಯೊಂದನ್ನು ಯಾಸಿಮ್‌ನಲ್ಲಿ (ಅಳತೆಗಳನ್ನು ಕೊಟ್ಟರೆ ಹಾರಾಟವನ್ನು ಲೆಕ್ಕ ಹಾಕುವ ಅದರ ಭಾಗ) ನಾನೇ ಕಟ್ಟುತ್ತಿದ್ದೇನೆ. ಏರುವುದು, ತಿರುಗುವುದು, ಇಳಿಯುವುದು ಎಲ್ಲ ಒಪ್ಪುವಂತಿದೆ. ಸ್ಟಾಲ್, ಅಂದರೆ ಮೂಗು ತೀರಾ ಮೇಲೆದ್ದು ರೆಕ್ಕೆ ತನ್ನ ಎತ್ತುವ ಬಲ (ಲಿಫ್ಟ್) ಕಳೆದುಕೊಳ್ಳುವುದು, ಮಾತ್ರ ಹದಕ್ಕೆ ಬರುತ್ತಿಲ್ಲ. ಜಕ್ಕೂರಿನಿಂದ ಏರಿ 6000 ಅಡಿಯಲ್ಲಿ ಎಂಜಿನ್ ತಗ್ಗಿಸಿ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಿಂದ ಕೆಳಗೆ ಬಿಡುವ ಹಲಗೆ) ಪೂರ್ತಿ ಬಿಟ್ಟು, ಸ್ಟಿಕ್ ಎಳೆದು ಹಿಡಿದರೆ ವೇಗ 34 ನಾಟ್‌ಗೆ ಇಳಿಯುವವರೆಗೂ ವಿಮಾನಕ್ಕೆ ಏನೂ ಆಗುವುದಿಲ್ಲ. ಆಮೇಲೂ ಮೂಗು ಕೆಳಗೆ ಹಾಕದೆ, ತೂಬು ತೆಗೆದ ಕೆರೆಯ ನೀರಿನಂತೆ ಮಟ್ಟಸವಾಗಿ ಇಳಿಯುತ್ತಾ ಹೋಗುತ್ತದೆ.

ಯಾಸಿಮ್ ಫೈಲಿನ ಸ್ಟಾಲ್ ಸಾಲಿನಲ್ಲಿ ಎಒಎ (ರೆಕ್ಕೆ ಗಾಳಿಗೆ ಒಡ್ಡಿಕೊಳ್ಳುವ ಕೋನ) 16, ವಿಡ್ತ್ (ಸ್ಟಾಲ್ ಎಷ್ಟು ಡಿಗ್ರಿಗೆ ಹರಡುತ್ತದೆ ಎಂಬುದು) 20, ಪೀಕ್ (ಲಿಫ್ಟ್‌ನ ಶಿಖರದ ಎತ್ತರ) 1.5 ಇತ್ತು. ವಿಡ್ತ್ 1ಕ್ಕೆ ಇಳಿಸಿದೆ. ಈಗ ಅದೇ 34ರಲ್ಲಿ ಎಡ ರೆಕ್ಕೆ ದೊಪ್ಪನೆ ಬಿದ್ದು ವಿಮಾನ ಬೆನ್ನಡಿಯಾಗುತ್ತದೆ. ವಿಮಾನದ ಕೈಪಿಡಿಯಲ್ಲಿ ಇದೇ ಸ್ಥಿತಿಗೆ 48 ನಾಟ್ ಎಂದಿದೆ. ಅಪ್ರೋಚ್ (ಇಳಿಯಲು ಬರುವ ಸ್ಥಿತಿ) ಸಾಲಿನಲ್ಲಿ ವೇಗ 50, ಎಒಎ 5. ಟ್ವಿಸ್ಟ್ (ರೆಕ್ಕೆಯ ತಿರುಚು) ಬರೆದಿಲ್ಲ. ಮೂರು ರಾತ್ರಿ ಹೋದವು.

ಬಾತಿ ಗುಡ್ಡ (ದಾವಣಗೆರೆ)

ತೂಕ ಹೆಚ್ಚಿಸಿ ನೋಡಿ. ಭಾರ ಹೆಚ್ಚಾದರೆ ಸ್ಟಾಲ್ ವೇಗವೂ ಏರುತ್ತದೆ. ನಾನು ಬೇರೆ ಸಿಮ್ಯುಲೇಟರಿನಲ್ಲಿ ಹಾಗೆಯೇ ಮಾಡಿದ್ದೆ.

ಜೋಗಿಮಟ್ಟಿ (ಚಿತ್ರದುರ್ಗ)

ದಯವಿಟ್ಟು ಅದನ್ನು ಮಾಡಬೇಡಿ. ಸ್ಟಾಲ್ ವೇಗ ತೂಕದ ವರ್ಗಮೂಲದಂತೆ ಏರುತ್ತದೆ. 34ನ್ನು 48 ಮಾಡಲು ತೂಕ ಎರಡರಷ್ಟಾಗಬೇಕು. 1157 ಕಿಲೋ ಗರಿಷ್ಠ ತೂಕದ ವಿಮಾನವನ್ನು ಲಾರಿ ಮಾಡಿದಂತಾಯಿತು. ಅದಕ್ಕಿಂತ ಮುಖ್ಯವಾದದ್ದು, ಯಾಸಿಮ್‌ನಲ್ಲಿ ಆ ಉಪಾಯ ನಡೆಯುವುದೇ ಇಲ್ಲ. ಫೈಲಿನಲ್ಲಿ ತೂಕ ಹೆಚ್ಚಿಸಿದರೆ ಅದು ರೆಕ್ಕೆಯ ಲಿಫ್ಟನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಿ, ನೀವು ಬರೆದ ಅಪ್ರೋಚ್ ವೇಗಕ್ಕೇ ಮತ್ತೆ ತಂದು ಕೂರಿಸುತ್ತದೆ.

ತಪ್ಪಿರುವುದೂ ಆ ಅಪ್ರೋಚ್ ಸಾಲಿನಲ್ಲೇ. 50 ನಾಟ್, 5 ಡಿಗ್ರಿ ಎಂದು ಬರೆದು ನೀವು ಯಾಸಿಮ್‌ಗೆ ಹೇಳಿದ್ದೇನು? ಗಾಳಿಗೆ ರೆಕ್ಕೆಯನ್ನು ಐದೇ ಡಿಗ್ರಿ ಒಡ್ಡಿದರೆ 50 ನಾಟ್‌ನಲ್ಲಿ ಇಡೀ ವಿಮಾನ ನಿಲ್ಲಬೇಕು ಎಂದು. ರೆಕ್ಕೆಗೆ ಇನ್ನೂ 16 ಡಿಗ್ರಿವರೆಗೆ ದಾರಿಯಿದೆ. ಅಲ್ಲಿಗೆ ಹೋಗುವಷ್ಟರಲ್ಲಿ ಲಿಫ್ಟ್ ಸುಮಾರು ದುಪ್ಪಟ್ಟು. 50ನ್ನು ಎರಡರ ವರ್ಗಮೂಲದಿಂದ ಭಾಗಿಸಿ, 35 ಬರುತ್ತದೆ. ನಿಮ್ಮ 34 ಎಲ್ಲಿಂದ ಬಂತೆಂದು ತಿಳಿಯಿತಲ್ಲ. ಪಾಪ, ಅದು ನೀವು ಹೇಳಿದ್ದನ್ನೇ ಮಾಡುತ್ತಿದೆ. 172ಎಸ್ ಪೂರ್ಣ ಫ್ಲ್ಯಾಪ್‌ನಲ್ಲಿ ಇಳಿಯಲು ಬರುವುದು 60ರಿಂದ 70 ನಾಟ್‌ನಲ್ಲಿ. ವೇಗ 65, ಎಒಎ 7 ಹಾಕಿ.

ಮಗುಚುವುದು ಬೇರೆಯೇ ರೋಗ. ನಾನು ಇಲ್ಲಿ ಗಾಳಿಯಂತ್ರಗಳ ನಿರ್ವಹಣೆಯಲ್ಲಿದ್ದೇನೆ. ಗುಡ್ಡದ ಮೇಲೆ ನೆಲಕ್ಕಿಳಿಸಿಟ್ಟ ಬ್ಲೇಡನ್ನು ಬುಡದಿಂದ ತುದಿಯ ಕಡೆಗೆ ನೋಡುತ್ತಾ ನಡೆದರೆ ಅದು ನಿಧಾನಕ್ಕೆ ತಿರುಚಿಕೊಂಡು ಹೋಗುವುದು ಕಣ್ಣಿಗೇ ಕಾಣುತ್ತದೆ. ಅಲ್ಲಿ ತಿರುಚಿರುವ ಕಾರಣ ಬೇರೆ, ಆದರೆ ಸೆಸ್ನಾ ರೆಕ್ಕೆಯಲ್ಲೂ ತಿರುಚಿದೆ. ಬುಡದಲ್ಲಿ ಒಂದೂವರೆ ಡಿಗ್ರಿ ಮೇಲಕ್ಕೆ, ತುದಿಯಲ್ಲಿ ಒಂದೂವರೆ ಡಿಗ್ರಿ ಕೆಳಕ್ಕೆ. ಹಾಗಾಗಿ ಬುಡ ಮೊದಲು ಸ್ಟಾಲ್ ಆಗುತ್ತದೆ. ಐಲೆರಾನ್ (ವಿಮಾನವನ್ನು ವಾಲಿಸುವ ಹಲಗೆ) ಇರುವ ತುದಿ ಇನ್ನೂ ಹಾರುತ್ತಿರುತ್ತದೆ. ನಿಮ್ಮ ಮಾದರಿಯಲ್ಲಿ ಟ್ವಿಸ್ಟ್ ಇಲ್ಲ, ವಿಡ್ತ್ ಬೇರೆ 1. ಇಡೀ ರೆಕ್ಕೆ ಒಂದೇ ಕ್ಷಣದಲ್ಲಿ ಕೈಬಿಡುತ್ತದೆ. ಸ್ವಲ್ಪ ಓರೆಯಿದ್ದರೂ ಸಾಕು, ಆ ಕಡೆಗೆ ಮಗುಚುತ್ತದೆ. ಟ್ವಿಸ್ಟ್ ಮೈನಸ್ 3, ವಿಡ್ತ್ 4. ಪೀಕ್ ಮುಟ್ಟಬೇಡಿ.

ಪರೀಕ್ಷಿಸುವಾಗ ಸ್ಟಿಕ್ಕನ್ನು ಒಮ್ಮೆಲೇ ಜಗ್ಗಬೇಡಿ. ಸೆಕೆಂಡಿಗೆ ಒಂದು ನಾಟ್ ಇಳಿಯುವಂತೆ ಎಳೆಯಿರಿ, ನಿಜವಾದ ವಿಮಾನದ ಪರೀಕ್ಷೆಯೂ ಹಾಗೆಯೇ. ಆಟೋ ಕೋಆರ್ಡಿನೇಷನ್ ಆಫ್ ಮಾಡಿಡಿ, ಇಲ್ಲದಿದ್ದರೆ ಐಲೆರಾನ್ ಜೊತೆ ರಡ್ಡರ್ (ಬಾಲದ ಚುಕ್ಕಾಣಿ) ತಾನಾಗಿಯೇ ತಿರುಗಿ ದೋಷ ಮುಚ್ಚಿಹೋಗುತ್ತದೆ.

ಕುಂದವಾಡ ಕೆರೆ

ಸರ್, ಒಂದು ಅನುಮಾನ. ವೇಗದ ಮೀಟರಿನಲ್ಲಿ ಬಿಳಿ ಪಟ್ಟಿ 40ರಿಂದಲೇ ಶುರುವಾಗುತ್ತದೆ. ಅದು ಪೂರ್ಣ ಫ್ಲ್ಯಾಪ್‌ನ ಸ್ಟಾಲ್ ವೇಗ ತಾನೇ? ಹಾಗಾದರೆ 48 ಯಾಕೆ?

ಜೋಗಿಮಟ್ಟಿ

ಎರಡೂ ಸರಿ. ಮೂಗು ಅಷ್ಟು ಮೇಲೆದ್ದಾಗ ಗಾಳಿ ವೇಗ ಅಳೆಯುವ ಪಿಟಾಟ್ ಕೊಳವೆಗೆ ನೇರವಾಗಿ ನುಗ್ಗುವುದಿಲ್ಲ, ಒತ್ತಡವೂ ಸರಿಯಾಗಿ ಸಿಗುವುದಿಲ್ಲ. ಮೀಟರು ಕಡಿಮೆ ತೋರಿಸುತ್ತದೆ. ಮುಳ್ಳು ತೋರಿಸುವುದು 40, ದೋಷ ಕಳೆದ ಲೆಕ್ಕ 48. ಈ ದೋಷವನ್ನು ನೀವಾಗಿ ಸೇರಿಸದ ಹೊರತು ನಿಮ್ಮ ಸಿಮ್ಯುಲೇಟರಿನ ಮೀಟರಿಗೆ ಅದಿಲ್ಲ. 48ನ್ನೇ ಹಿಡಿಯಿರಿ. ಫ್ಲ್ಯಾಪ್ ಇಲ್ಲದೆ 53.

ಕುಂದವಾಡ ಕೆರೆ

ನಿನ್ನೆ ಸಂಜೆ ಕೂರುವ ಹೊತ್ತಿಗೆ ಕರೆಂಟು ಹೋಯಿತು, ಇವತ್ತು ಬೆಳಿಗ್ಗೆ ನೋಡಿದೆ. ಪೂರ್ಣ ತೂಕದಲ್ಲಿ, ಪೂರ್ಣ ಫ್ಲ್ಯಾಪ್‌ನಲ್ಲಿ 49! ಮೂಗು ಮೆಲ್ಲನೆ ತಲೆದೂಗಿ ಕೆಳಗೆ ಬರುತ್ತದೆ, ಸ್ಟಿಕ್ ಸಡಿಲಿಸಿದರೆ ಎದ್ದುಕೊಳ್ಳುತ್ತದೆ. ಫ್ಲ್ಯಾಪ್ ಇಲ್ಲದೆ ಮಾತ್ರ 58ಕ್ಕೇ ಸ್ಟಾಲ್. ಫ್ಲ್ಯಾಪ್‌ನ ಲಿಫ್ಟ್ 1.8 ಇದೆ. ಇನ್ನೊಂದು, ಎಡ ರೆಕ್ಕೆ ಈಗಲೂ ಮೊದಲು ಬೀಳುತ್ತದೆ, ಪ್ರತಿ ಸಲವೂ ಎಡವೇ. ನಾನು ವಿಡಿಯೋಗಳಲ್ಲಿ ನೋಡಿದಷ್ಟು ಜೋರೂ ಇಲ್ಲ.

ಜೋಗಿಮಟ್ಟಿ

ವಿಡಿಯೋ ಮಾಡುವವರಿಗೆ ಜೋರು ಬೇಕು. 172 ಸಾಧು ವಿಮಾನ, ಹೊಸಬರಿಗೆ ಕಲಿಸಲು ಬಳಸುವುದೂ ಅದಕ್ಕೇ. ಅದನ್ನು ಹುರಿಗೊಳಿಸಲು ಹೋಗಬೇಡಿ.

58ಕ್ಕೆ ಕಾರಣ ಫ್ಲ್ಯಾಪ್‌ನ ಲಿಫ್ಟ್. 53 ಮತ್ತು 48ರ ವರ್ಗಗಳನ್ನು ಭಾಗಿಸಿದರೆ ಫ್ಲ್ಯಾಪ್ ಕೊಡುವುದು ಶೇಕಡಾ 22ರಷ್ಟು ಹೆಚ್ಚು ಲಿಫ್ಟ್. ಫ್ಲ್ಯಾಪ್ ಇರುವುದು ರೆಕ್ಕೆಯ ಒಂದು ಭಾಗಕ್ಕೆ ಮಾತ್ರವಾದ್ದರಿಂದ ಅಂಕಿ 1.22ಕ್ಕಿಂತ ಹೆಚ್ಚೇ ಬೇಕು, ಆದರೆ 1.8 ಅತಿಯಾಯಿತು. 1.4ರಿಂದ ಶುರು ಮಾಡಿ. ಪ್ರತಿ ಸಲವೂ ಎಡವೇ ಎಂದರೆ ಜಾಯ್‌ಸ್ಟಿಕ್ ಮೇಲೆ ನನಗೆ ಅನುಮಾನ. ಕೈಬಿಟ್ಟು ರಡ್ಡರ್ ಅಂಕಿ ನೋಡಿ.

ಕುಂದವಾಡ ಕೆರೆ

ಕೈಬಿಟ್ಟರೂ ರಡ್ಡರ್ ಮೈನಸ್ 0.08ರಲ್ಲೇ, ಅಂದರೆ ಎಡಕ್ಕೇ, ನಿಂತಿತ್ತು ಸರ್! ಸ್ಟಿಕ್ ಬಿಚ್ಚಿದೆ. ಹಿಡಿ ತಿರುಗಿಸಿದಾಗ ತಿರುಗುವ ಪೊಟೆನ್ಶಿಯೋಮೀಟರಿನ ಮೇಲೆ ಬೆರಳಿಗೆ ಹತ್ತುವಷ್ಟು ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತು ಸಲ ಅತ್ತಿತ್ತ ತಿರುಗಿಸಿದ ಮೇಲೆ ಸೊನ್ನೆಗೆ ಬಂತು. ಈಗ ಎರಡೂ ರೆಕ್ಕೆ ಒಟ್ಟಿಗೆ. ಫ್ಲ್ಯಾಪ್‌ನ ಲಿಫ್ಟ್ 1.4 ಮಾಡಿದ ಮೇಲೆ ಫ್ಲ್ಯಾಪ್ ಇಲ್ಲದೆ 54. ಹಾಗೆಯೇ 60 ಡಿಗ್ರಿ ವಾಲಿಸಿ ಎಳೆದೆ, 76ಕ್ಕೆ ನಡುಗಿತು.

ಜೋಗಿಮಟ್ಟಿ

60 ಡಿಗ್ರಿ ವಾಲಿದಾಗ ರೆಕ್ಕೆ ಹೊರುವ ಭಾರ ಎರಡರಷ್ಟು. 54ನ್ನು ಎರಡರ ವರ್ಗಮೂಲ 1.41ರಿಂದ ಗುಣಿಸಿ, 76. ಫೈಲನ್ನು ಇನ್ನು ಮುಟ್ಟಬೇಡಿ.

ಬಾತಿ ಗುಡ್ಡ

ನನ್ನ ವಿಮಾನ ಯಾವಾಗಲೂ ಬಲಕ್ಕೆ ಎಳೆಯುತ್ತದೆ, ಗಾಳಿ ಇರಬೇಕು ಎಂದುಕೊಂಡಿದ್ದೆ. ಆ ಸ್ಪ್ರೇ ಎಲ್ಲಿ ಸಿಕ್ಕಿತು?

ಕುಂದವಾಡ ಕೆರೆ

ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿ. ಅರ್ಧ ಡಬ್ಬಿ ನನ್ನಲ್ಲೇ ಉಳಿದಿದೆ, ಬೇಕಿದ್ದರೆ ಭಾನುವಾರ ಬನ್ನಿ.