ಹತ್ತು ಸಾವಿರ ಫೋಟೊ, ಒಂದು ಬಟಾಣಿ

ಫೋಟೊ ನೋಡಿದ ಸೀನ ಮೊದಲು ಕೇಳಿದ್ದು, "ಇದೇನೋ, ಬಟಾಣಿ ಕಾಳಾ?"

ಮೂರು ರಾತ್ರಿ ನಿದ್ದೆಗೆಟ್ಟವನಿಗೆ ಹೇಗಾಗಬೇಡ! "ಬಟಾಣಿ ಅಲ್ಲ ಕಣೋ, ಯುರೇನಸ್. ಇಲ್ಲಿಂದ ಸುಮಾರು 280 ಕೋಟಿ ಕಿಲೋಮೀಟರ್" ಎಂದೆ.

"ಬಟಾಣಿಗೆ ಅಷ್ಟು ದೂರ ಯಾಕೋ? ದೇವರಾಜ ಮಾರ್ಕೆಟ್‌ನಲ್ಲೇ ಸಿಗ್ತಿತ್ತಲ್ಲ."

ನಮ್ಮ ಕೂಟ ಸೇರುವುದು ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ. ಸೀನ, ರಿಟೈರಾದ ಮೇಷ್ಟ್ರು, ಭಟ್ಟರು ಮತ್ತು ನಾನು. ನಡುವೆ ಚುರುಮುರಿ ಪೊಟ್ಟಣ. ಮೂಲೆಯಲ್ಲಿ ನನ್ನ ಎಂಟು ಇಂಚಿನ ಟೆಲಿಸ್ಕೋಪು. ಪಕ್ಕದ ಮನೆಯವರು ಅದನ್ನು ಇವತ್ತಿಗೂ ಸೋಲಾರ್ ಗೀಸರ್ ಎಂದೇ ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

"ಯುರೇನಸ್ಸು ನವಗ್ರಹದಲ್ಲಿ ಬರೋದಿಲ್ಲವಲ್ಲ" ಎಂದರು ಭಟ್ಟರು. "ಇದಕ್ಕೆ ಶಾಂತಿ ಮಾಡಿಸೋ ಪದ್ಧತಿಯೂ ಇಲ್ಲ."

"ಇವನ ಮನೇಲಿ ಈಗ ಬೇಕಾಗಿರೋದೇ ಅದು ಭಟ್ರೇ" ಎಂದ ಸೀನ.

ನಾನು ಕಿವಿಗೆ ಹಾಕಿಕೊಳ್ಳದೆ ವಿವರಿಸಿದೆ. ತಾರಸಿ ಹಗಲೆಲ್ಲ ಕಾಯುತ್ತದೆ, ರಾತ್ರಿಯೆಲ್ಲ ಆ ಬಿಸಿ ಬಿಡುತ್ತದೆ. ದೋಸೆ ಕಾವಲಿಯ ಆಚೆ ನಿಂತವರ ಮುಖ ಕುಣಿಯುತ್ತದಲ್ಲ, ಗ್ರಹವೂ ಹಾಗೇ ಕುಣಿಯುತ್ತದೆ. ಅದಕ್ಕೇ ಒಂದು ಫೋಟೊ ತೆಗೆದರೆ ಆಗುವುದಿಲ್ಲ. ವಿಡಿಯೊ ಮಾಡಿ, ಸಾವಿರಾರು ಫ್ರೇಮಿನಲ್ಲಿ ಗಾಳಿ ಒಂದು ಕ್ಷಣ ಸುಮ್ಮನಿದ್ದಾಗಿನವನ್ನು ಮಾತ್ರ ಆರಿಸಿ, ಒಂದರ ಮೇಲೊಂದು ಪೇರಿಸಬೇಕು.

"ಗೊತ್ತಾಯ್ತು, ಸ್ಕೂಲಿನ ಗ್ರೂಪ್ ಫೋಟೊ" ಎಂದರು ಮೇಷ್ಟ್ರು. "ಎಷ್ಟು ಸಲ ತೆಗೆದರೂ ಒಬ್ಬನಾದರೂ ಕಣ್ಣು ಮುಚ್ಚಿರ್ತಿದ್ದ."

ನನ್ನ ಟೆಲಿಸ್ಕೋಪಿಗೆ ಮೋಟಾರಿಲ್ಲ. ಭೂಮಿ ತಿರುಗುತ್ತಿರುವುದರಿಂದ ಗ್ರಹ ಪರದೆಯ ಈ ಅಂಚಿನಿಂದ ಆ ಅಂಚಿಗೆ ಅರ್ಧ ನಿಮಿಷದಲ್ಲಿ ಓಡಿಬಿಡುತ್ತದೆ. ಒಂದು ಓಟಕ್ಕೆ ಆರುನೂರು ಫ್ರೇಮು. ಹದಿನೇಳು ಸಲ ಹಿಡಿದೆ, ಹದಿನೇಳು ಸಲ ಬಿಟ್ಟೆ. ಅದೂ ಗ್ರಹ ನಡುನೆತ್ತಿಯಲ್ಲಿದ್ದಾಗ. ಪೈಪು ನೆಟ್ಟಗೆ ನಿಂತಿರುವಾಗ ಅದನ್ನು ಪಕ್ಕಕ್ಕೆ ತಿರುಗಿಸುವುದೂ ಒಂದೇ, ಮಲಗಿದ ಎಮ್ಮೆ ಎಬ್ಬಿಸುವುದೂ ಒಂದೇ. ಇಷ್ಟೆಲ್ಲ ಮಾಡಿದ ಮೇಲೆ ಸಿಕ್ಕ ಗ್ರಹದ ಅಗಲ ಹದಿನೈದು ಪಿಕ್ಸೆಲ್.

"ಮೂರು ರಾತ್ರಿ ಅಂದ್ಯಲ್ಲ, ಮಿಕ್ಕ ಎರಡು ರಾತ್ರಿ ಏನ್ ಮಾಡ್ತಿದ್ದೆ?" ಸೀನನಿಗೆ ಬೇಡದ ಲೆಕ್ಕವೇ ಜಾಸ್ತಿ.

ಹೇಳಲೇಬೇಕಾಯಿತು. ಆ ಎರಡು ರಾತ್ರಿ ಹಿಡಿದದ್ದು ಯಾವುದೋ ನಕ್ಷತ್ರ. ಎಷ್ಟು ಪೇರಿಸಿದರೂ ಅದಕ್ಕೆ ಬಿಲ್ಲೆಯ ಆಕಾರ ಬರಲೇ ಇಲ್ಲ, ಚುಕ್ಕಿ ಚುಕ್ಕಿಯಾಗೇ ಉಳಿಯಿತು. ಸೀನ ನಕ್ಕ ರಭಸಕ್ಕೆ ಚುರುಮುರಿ ಮೂಗಿಗೇರಿತು.

"ನಗಬೇಡವೋ" ಎಂದು ಮೇಷ್ಟ್ರು ನನ್ನ ಕೈ ಹಿಡಿದರು. "ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಖಗೋಳಜ್ಞ ಫ್ಲ್ಯಾಮ್‌ಸ್ಟೀಡ್ 1690ರಲ್ಲೇ ಇದನ್ನ ನೋಡಿದ್ದ. ನೋಡಿ, ವೃಷಭದ 34ನೇ ನಕ್ಷತ್ರ ಅಂತ ಪಟ್ಟಿಗೆ ಸೇರಿಸಿಬಿಟ್ಟ. ಅವನು ಗ್ರಹಾನ ನಕ್ಷತ್ರ ಅಂದ, ಇವನು ನಕ್ಷತ್ರಾನ ಗ್ರಹ ಅಂದ. ಲೆಕ್ಕ ಚುಕ್ತಾ!" ಸೂರ್ಯನ ಸುತ್ತ ಒಂದು ಸುತ್ತಿಗೆ 84 ವರ್ಷ. ಅಲ್ಲಿಂದ ನಾಲ್ಕು ಸುತ್ತು ಹಾಕಿ ಈಗ ಮತ್ತೆ ವೃಷಭಕ್ಕೇ, ಕೃತ್ತಿಕೆಯ ಪಕ್ಕಕ್ಕೇ ಬಂದು ಕೂತಿದೆ.

"ಹಾಗಾದ್ರೆ ಕಂಡುಹಿಡಿದವರು ಯಾರು?"

"ಹರ್ಷೆಲ್. ಕಸುಬು ಸಂಗೀತ. 1781ರ ಮಾರ್ಚ್ 13ರ ರಾತ್ರಿ, ಬಾತ್ ಊರಲ್ಲಿ, ಮನೆಯ ಹಿತ್ತಲಲ್ಲಿ! ಅವನೂ ಮೊದಲು ಧೂಮಕೇತು ಅಂದ್ಕೊಂಡ. ಟೆಲಿಸ್ಕೋಪಿನ ಕನ್ನಡೀನೂ ತಾನೇ ಉಜ್ಜಿ ಮಾಡ್ಕೊಳ್ತಿದ್ದ. ಒಂದ್ಸಲ ಹದಿನಾರು ಗಂಟೆ ಕೈ ತೆಗೀದೇ ಉಜ್ಜಿದನಂತೆ. ತಂಗಿ ಕ್ಯಾರೊಲಿನ್ ಬಾಯಿಗೆ ತುತ್ತು ಇಡ್ತಿದ್ದಳು."

ಮೆಟ್ಟಿಲಿನ ಕಡೆಯಿಂದ ನನ್ನ ಹೆಂಡತಿಯ ದನಿ ಬಂತು: "ಇಲ್ಲಿ ತುತ್ತಿಡೋರು ಯಾರೂ ಇಲ್ಲ ಕಣ್ರೀ. ಉಪ್ಪಿಟ್ಟು ಮುಚ್ಚಿಟ್ಟಿದೀನಿ, ಇಳಿದು ಬಂದ್ರೆ ಉಂಟು."

ಎಲ್ಲರೂ ಎದ್ದರು. ಸೀನ ಮಾತ್ರ "ಒಂದ್ಸಲ ನೋಡ್ತೀನಿ ತಡಿಯೋ" ಎಂದ. ನಾನು ಮತ್ತೆ ಗ್ರಹ ಹಿಡಿದು ಕೊಟ್ಟೆ, ಅವನು ಟೆಲಿಸ್ಕೋಪಿಗೆ ಬಗ್ಗಿದ. ಮಾತಿಲ್ಲ. ಅರ್ಧ ನಿಮಿಷ ಉಸಿರೂ ಕೇಳಿಸಲಿಲ್ಲ.

"ಲೋ, ಏನ್ ಚೆನ್ನಾಗಿದೆಯೋ! ಫೋಟೊದಲ್ಲಿ ಹಸಿರಾಗಿತ್ತು, ಇಲ್ಲಿ ಅಪ್ಪಟ ಬಿಳಿ. ಮಿನುಗ್ತಾ ಬೇರೆ ಇದೆ."

ಅವನು ಬಗ್ಗುವಾಗ ಹೊಟ್ಟೆ ತಗುಲಿ ಪೈಪು ಎರಡು ಬೆರಳು ಸರಿದದ್ದನ್ನು ನಾನು ನೋಡಿದ್ದೆ. ಮೇಷ್ಟ್ರೂ ನೋಡಿದ್ದರು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಹೌದು ಕಣೋ" ಎಂದೆ. "ಯುರೇನಸ್ಸೇ."