ಓದುಗರ ಸ್ಪಂದನ: ಮಂಡಿ ವಾಸಿಯಾಯ್ತು ಅಂತ ಹೇಳೋರು ಯಾರು?

ಕಳೆದ ಸಂಚಿಕೆಯಲ್ಲಿ ಮಂಡ್ಯದ ಫಿಟ್ನೆಸ್ ಟ್ರೇನರ್ ಒಬ್ಬರ ಪತ್ರ ಪ್ರಕಟಿಸಿದ್ದೆವು. ಅವರ ಹತ್ತಿರ ಹದಿನೇಳು ವರ್ಷದ ಕಬಡ್ಡಿ ಹುಡುಗಿಯೊಬ್ಬಳು ಬರುತ್ತಾಳೆ. ಮಂಡಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಲಿಗಮೆಂಟ್ ಹರಿದು, ಆಪರೇಷನ್ ಆಗಿ ಆರು ತಿಂಗಳು. ಈಗ ನೋವಿಲ್ಲ, ಊತವಿಲ್ಲ, ಓಡುತ್ತಾಳೆ. ಮುಂದಿನ ತಿಂಗಳು ತಂಡದ ಆಯ್ಕೆ ಇದೆ. ಕ್ರೀಡಾ ಕೋಟಾದ ಸೀಟು ಅದರ ಮೇಲೆ ನಿಂತಿದೆ, ಆಡಲೇಬೇಕು ಅನ್ನುವುದು ತಂದೆಯ ಹಟ. ಇನ್ನೂ ಆಗಲ್ಲ ಅನ್ನುವುದು ಟ್ರೇನರ್ ಮಾತು. "ಫೀಸಿನ ಆಸೆಗೆ ಎಳೀತಿದ್ದೀಯಾ" ಅಂತ ತಂದೆ ಅಂದಿದ್ದಾರೆ. "ನಿನಗ್ಯಾಕೆ ಊರ ಉಸಾಬರಿ" ಅಂತ ಜಿಮ್ ಮಾಲೀಕರು ಅಂದಿದ್ದಾರೆ. ಹುಡುಗಿಯನ್ನು ಬಿಟ್ಟುಬಿಡಲೇ, ಇಷ್ಟು ವರ್ಷ ಮಾಡಿದ ಮೇಲೂ ಮಾತಿಗೆ ಬೆಲೆಯಿಲ್ಲದ ಈ ಕೆಲಸವನ್ನೇ ಬಿಡಲೇ ಅಂತ ಟ್ರೇನರ್ ಕೇಳಿದ್ದರು.

ಪತ್ರಗಳು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಂದವು. ಮೊದಲು, ಎಲ್ಲಕ್ಕಿಂತ ಚಿಕ್ಕದು.

*

ನೀವು ಡಾಕ್ಟರ್ ಅಲ್ಲ. ಫಿಸಿಯೋಥೆರಪಿಸ್ಟ್ ಕೂಡ ಅಲ್ಲ. ಅವರಿಗೆ 2021ರಲ್ಲಿ ಬಂದ ಕೇಂದ್ರದ ಕಾಯ್ದೆ ಇದೆ, ನೋಂದಣಿ ಇದೆ. ನಿಮಗೇನಿದೆ? ಆಪರೇಷನ್ ಮಾಡಿದವರು ಹೇಳಲಿ, ನೀವು ಡಂಬೆಲ್ ಎತ್ತಿಸಿ ಸಾಕು.
— ಓದುಗ, ಹುಬ್ಬಳ್ಳಿ

*

ಇದೇ ಮಾತನ್ನು ಸ್ವಲ್ಪ ಮೆತ್ತಗೆ ಹೇಳಿದವರೂ ಇದ್ದಾರೆ. ಆದರೆ ಫಿಸಿಯೋಥೆರಪಿಸ್ಟ್ ಒಬ್ಬರೇ ಬರೆದಿದ್ದು ಹೀಗೆ:

ಟ್ರೇನರ್ ಅವರೇ, ನೀವು ಸರಿಯಾಗಿ ಹೇಳಿದ್ದೀರಿ. ಆದರೆ ಬರೀ ಬಾಯಲ್ಲಿ ಹೇಳಿದ್ದೀರಿ ಅನ್ನಿಸುತ್ತೆ. ತಕರಾರು ಶುರುವಾಗಿದ್ದು ಅಲ್ಲೇ.

ಆಪರೇಷನ್‌ನಲ್ಲಿ ಹರಿದ ಲಿಗಮೆಂಟನ್ನು ಹೊಲಿದು ಸರಿ ಮಾಡುವುದಲ್ಲ. ಸಾಮಾನ್ಯವಾಗಿ ಅದೇ ಕಾಲಿನಿಂದ ಒಂದು ಸ್ನಾಯುರಜ್ಜು ತೆಗೆದು ಆ ಜಾಗಕ್ಕೆ ಕೂರಿಸುತ್ತಾರೆ. ಕೂರಿಸಿದ ದಿನ ಅದು ಗಟ್ಟಿಯಾಗಿಯೇ ಇರುತ್ತೆ. ಆಮೇಲಿನ ಕೆಲವು ತಿಂಗಳು ಅದರ ಬಲ ಕುಗ್ಗುತ್ತೆ. ನಿಧಾನವಾಗಿ ಮತ್ತೆ ಬಲಿಯುತ್ತೆ. ಪೂರ್ತಿ ಬಲಿಯಲು ವರ್ಷ ದಾಟುತ್ತೆ. ಒಳಗೆ ಇದೆಲ್ಲ ನಡೀತಿರುವಾಗ ಹೊರಗೆ ನೋವೂ ಇರಲ್ಲ, ಊತವೂ ಇರಲ್ಲ. ಅಪ್ಪ ನೋಡ್ತಿರೋದು ಹೊರಗಿನದನ್ನು ಮಾತ್ರ.

ಒಂಬತ್ತು ತಿಂಗಳೊಳಗೆ ತಿರುಗುವ, ಜಿಗಿಯುವ ಆಟಕ್ಕೆ ಇಳಿದರೆ ಮತ್ತೆ ಹರಿಯುವ ಅಪಾಯ ಬಹಳ ಜಾಸ್ತಿ. ಇಪ್ಪತ್ತೈದರ ಒಳಗಿನವರು ಆಟಕ್ಕೆ ಮರಳಿದಾಗ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಇನ್ನೊಮ್ಮೆ ಹರಿಯುತ್ತೆ, ಅದೇ ಮಂಡಿಯಲ್ಲೋ ಇನ್ನೊಂದರಲ್ಲೋ. ಸರ್ಜನ್ ಓಡಲು ಒಪ್ಪಿಗೆ ಕೊಟ್ಟಿರಬಹುದು. ನೇರ ಓಟ ಬೇರೆ. ರೈಡ್‌ಗೆ ಹೋಗಿ, ಬೋನಸ್ ಗೆರೆಗೆ ಕಾಲು ಚಾಚಿ, ಅಲ್ಲಿಂದ ತಟ್ಟನೆ ತಿರುಗುವುದು ಬೇರೆ. ಆ ಕ್ಷಣಕ್ಕೆ ಕಾರ್ನರ್‌ನವಳು ಪಾದದ ಗಿಣ್ಣು ಹಿಡಿದು ಆಂಕಲ್ ಹೋಲ್ಡ್ ಹಾಕಿದರೆ?

ತಿಂಗಳ ಲೆಕ್ಕ ಒಂದೇ ಸಾಲದು. ಒಂದು ಟೇಪು, ಒಂದು ಚಾಕ್‌ಪೀಸ್ ತಗೊಳ್ಳಿ. ಒಂಟಿ ಕಾಲಲ್ಲಿ ಒಂದು ಜಿಗಿತ, ಸತತ ಮೂರು ಜಿಗಿತ, ಗೆರೆಯ ಆಚೆ ಈಚೆ ದಾಟುತ್ತ ಮೂರು ಜಿಗಿತ, ಆರು ಮೀಟರ್ ದೂರಕ್ಕೆ ಎಷ್ಟು ಸೆಕೆಂಡ್ ಅನ್ನುವುದು. ಆಪರೇಷನ್ ಆದ ಕಾಲು ಇನ್ನೊಂದರ ಶೇ. 90ರಷ್ಟಾದರೂ ಮುಟ್ಟಬೇಕು. ತೊಡೆಯ ಬಲಕ್ಕೂ ಅದೇ ಅಳತೆ. ಇಲ್ಲೊಂದು ಮೋಸ ಇದೆ, ಗಮನಿಸಿ. ಮನೆಯಲ್ಲಿ ಕೂತು ಕೂತು ಒಳ್ಳೆ ಕಾಲೂ ಸೊರಗಿರುತ್ತೆ. ಹಾಗಾಗಿ 90 ಬಂದ ಮಾತ್ರಕ್ಕೆ ಕುಣಿಯಬೇಡಿ.

ಅಳೆದದ್ದನ್ನು ತಂದೆಯ ಎದುರೇ ಅಳೆಯಿರಿ. ಬರೆದು ಒಂದು ಪ್ರತಿ ಅವರಿಗೆ, ಒಂದು ಸರ್ಜನ್‌ಗೆ ಕೊಡಿ. ಕಬಡ್ಡಿ ಆಡಬಹುದು ಅಂತ ಸರ್ಜನ್ ಬರೆದು ಕೊಡಲಿ, ಇಲ್ಲವೇ ಬೇಡ ಅಂತ ಬರೆಯಲಿ. ಆಗ ಫೀಸಿನ ಮಾತು ತಾನಾಗಿ ನಿಲ್ಲುತ್ತೆ.
— ಫಿಸಿಯೋಥೆರಪಿಸ್ಟ್, ಮೈಸೂರು

*

ಸ್ವಾಮಿ, ಆ ತಂದೆಯನ್ನು ವಿಲನ್ ಮಾಡಬೇಡಿ. ನಾನೂ ಕ್ರೀಡಾಪಟುವಿನ ಅಪ್ಪ. ಶೂ, ಮ್ಯಾಟು, ಬಸ್ ಚಾರ್ಜು, ಮೊಟ್ಟೆ, ಹಾಲು, ಎಲ್ಲ ಲೆಕ್ಕ ಹಾಕಿದರೆ ನಿದ್ದೆ ಬರಲ್ಲ. ಆಯ್ಕೆ ವರ್ಷಕ್ಕೊಮ್ಮೆ. ನಮ್ಮ ಕೆ.ಎಲ್. ರಾಹುಲ್ 2023ರ ಮೇನಲ್ಲಿ ಗಾಯಗೊಂಡು ಆಪರೇಷನ್ ಮಾಡಿಸಿಕೊಂಡು, ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ಮೇಲೆ 111 ಹೊಡೆಯಲಿಲ್ವೇ? ಮನಸ್ಸಿದ್ದರೆ ಮಾರ್ಗ.
— ಒಬ್ಬ ತಂದೆ, ತುಮಕೂರು

*

ಖರ್ಚಿನ ಮಾತು ನಿಜ, ಅದನ್ನು ತಳ್ಳಿಹಾಕುವಂತಿಲ್ಲ. ರಾಹುಲ್ ಅವರಿಗೆ ಆಗಿದ್ದು ತೊಡೆಯ ಗಾಯ. ಮಂಡಿಯ ಲಿಗಮೆಂಟ್ ಹರಿದ ರಿಷಭ್ ಪಂತ್, 2022ರ ಡಿಸೆಂಬರ್ ಅಪಘಾತದ ನಂತರ ಮತ್ತೆ ಆಡಿದ್ದು 2024ರ ಮಾರ್ಚ್‌ನಲ್ಲಿ. ಅವರಿಗೂ ಮನಸ್ಸಿತ್ತು.

ಮುಂದಿನ ಪತ್ರವನ್ನು ಕತ್ತರಿಸಲು ಮನಸ್ಸು ಬರಲಿಲ್ಲ.

*

ನಾನು ಖೋ ಖೋ ಆಡುತ್ತಿದ್ದೆ. ಕಂಬದ ಹತ್ತಿರ ತಿರುಗುವಾಗ ಮಂಡಿಯೊಳಗೆ ಟಪ್ ಅಂತು. ಪಕ್ಕದಲ್ಲಿ ಕೂತಿದ್ದವಳಿಗೂ ಕೇಳಿಸಿತ್ತು. ಅಣ್ಣ ಪುತ್ತೂರಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದ. ಊತ ಇಳಿಯಿತು. ನಡೆದೆ, ಓಡಿದೆ. "ನೋವಿದೆಯಾ?" ಅಂತ ಕೋಚ್ ಕೇಳಿದರು. ಇಲ್ಲ ಅಂದೆ. ನಿಜವಾಗಿಯೂ ಇರಲಿಲ್ಲ. ಇವತ್ತಿಗೂ ಜನ "ನೀನು ನೋವು ಮುಚ್ಚಿಟ್ಟೆ" ಅಂತಾರೆ. ಮುಚ್ಚಿಡಲು ನೋವೇ ಇರಲಿಲ್ಲ.

ಇದ್ದದ್ದು ಬೇರೆ. ಮೆಟ್ಟಿಲು ಇಳಿಯುವಾಗ ಒಮ್ಮೊಮ್ಮೆ ಮಂಡಿ ಕೈಕೊಡುತ್ತಿತ್ತು. ಕೆಳಗಿನ ಮೂಳೆ ಜಾರಿ ಮತ್ತೆ ಕೂತಂತೆ. ಅದಕ್ಕೆ ಹೆಸರೇನು ಅಂತ ನನಗೆ ಗೊತ್ತಿರಲಿಲ್ಲ. ಯಾರೂ ಕೇಳಲೂ ಇಲ್ಲ. ಯೂನಿವರ್ಸಿಟಿ ಟೂರ್ನಿ ಬಂತು, ಆಡಿದೆ. ಫೈನಲ್‌ನಲ್ಲಿ ಮತ್ತೆ ತಿರುಚಿತು. ಈ ಸಲ ಬಗ್ಗಿದ ಕಾಲು ನೇರವಾಗಲೇ ಇಲ್ಲ. ಮಂಡಿಯೊಳಗಿನ ಗಾದಿಯಂಥ ಮೆನಿಸ್ಕಸ್ ಹರಿದು ಮಧ್ಯೆ ಸಿಕ್ಕಿಕೊಂಡಿತ್ತು. ಅದರಲ್ಲಿ ಬಹುಪಾಲನ್ನು ತೆಗೆದುಹಾಕಿದರು.

ಈಗ ನನಗೆ ನಲವತ್ತೇಳು. ಮದುವೆ ಮನೆಗೆ ಹೋದರೆ ಮೊದಲು ಟೇಬಲ್ ಊಟ ಇದೆಯಾ ಅಂತ ನೋಡುತ್ತೇನೆ. ಯಾರದಾದರೂ ಮನೆಗೆ ಹೋದರೆ ಕಮೋಡ್ ಇದೆಯಾ ಅಂತ ಮೊದಲೇ ಫೋನ್ ಮಾಡುತ್ತೇನೆ. ಮೊಮ್ಮಗು ಬಂದರೆ ನೆಲದ ಮೇಲೆ ಕೂತು ಆಡಿಸುವ ಯೋಗ ನನಗಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರ್ ನನ್ನ ವಯಸ್ಸನ್ನು ಎರಡು ಸಲ ಕೇಳಿದರು.

ಈ ಪತ್ರ ಬರೆಯುವುದು ಕಷ್ಟವಾಗಿದ್ದು ಇದಕ್ಕಲ್ಲ. ಆ ಟೂರ್ನಿಯ ಸರ್ಟಿಫಿಕೇಟಿನಿಂದಲೇ ನನಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು. ಆ ಸಂಬಳದಲ್ಲಿ ತಂಗಿಯ ಮದುವೆ ಆಯಿತು, ಮನೆ ಆಯಿತು. ಹಾಗಾಗಿ ಮಂಡ್ಯದ ಆ ಅಪ್ಪನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರ ಲೆಕ್ಕ ತಪ್ಪಲ್ಲ. ಆ ಲೆಕ್ಕದಲ್ಲಿ ಮಂಡಿಯನ್ನು ಯಾರೂ ಬರೆದುಕೊಂಡಿರಲಿಲ್ಲ, ಅಷ್ಟೇ. ನನಗೆ "ಬೇಡ" ಅನ್ನುವವರು ಒಬ್ಬರೂ ಇರಲಿಲ್ಲ. ಕೋಚ್‌ಗೆ ಟ್ರೋಫಿ ಬೇಕಿತ್ತು, ಅಣ್ಣನಿಗೆ ಕೆಲಸ ಬೇಕಿತ್ತು, ನನಗೆ ಇಬ್ಬರೂ ಖುಷಿಯಾಗಿರಬೇಕಿತ್ತು. ಆ ಹುಡುಗಿಗೆ ಒಬ್ಬರಾದರೂ ಇದ್ದಾರೆ. ದಯವಿಟ್ಟು ಬಿಟ್ಟುಹೋಗಬೇಡಿ.
— ಓದುಗಿ, ತಿಪಟೂರು

*

ತಮ್ಮಾ, ತಪ್ಪೆಲ್ಲ ಮ್ಯಾಟಿನದು. ನಾವು ಗರಡಿಯಲ್ಲಿ ಮಟ್ಟಿ ಮೇಲೆ ಬೆಳೆದವರು. ಮಣ್ಣು ಕಾಲನ್ನು ಜಾರಲು ಬಿಡುತ್ತಿತ್ತು. ಮ್ಯಾಟಿನ ಮೇಲೆ ಶೂ ಕಚ್ಚಿಕೊಳ್ಳುತ್ತೆ. ಮೈ ತಿರುಗುತ್ತೆ, ಪಾದ ತಿರುಗಲ್ಲ, ನಡುವೆ ಮಂಡಿ ಸಾಯುತ್ತೆ. ನಮ್ಮ ವಸ್ತಾದರು ಹೊಸಬನಿಗೆ ತಿಂಗಳುಗಟ್ಟಲೆ ಬೈಠಕ್, ದಂಡ ಹೊಡೆಸಿದ ಮೇಲೇ ಜೋಡಿ ಕೊಡುತ್ತಿದ್ದರು. ಆಮೇಲೆ ಗದೆಯ ತೂಕ ಏರುತ್ತಿತ್ತು. ನೀವು ಇಂಗ್ಲಿಷ್ ಹೆಸರಿಟ್ಟು ಮಾಡುತ್ತಿರುವುದೂ ಅದೇ ಅಲ್ವಾ? ಹುಡುಗಿಗೆ ತುಪ್ಪ, ಬಾದಾಮಿ ಚೆನ್ನಾಗಿ ಕೊಡಿ.
— ಹಳೇ ಪೈಲ್ವಾನ, ದಾವಣಗೆರೆ

*

ಟ್ರೇನರ್ ಕೇಳಿದ್ದು ಮ್ಯಾಟಿನ ಬಗ್ಗೆ ಅಲ್ಲ. ಆದರೂ ಪಾದದ ಹಿಡಿತದ ಮಾತನ್ನು ಫಿಸಿಯೋಗಳೂ ಒಪ್ಪುತ್ತಾರೆ. ಕೆಲಸ ಬಿಡಲೇ ಅನ್ನುವ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಕಡಿಮೆ. ಅವರಲ್ಲಿ ಒಬ್ಬರು:

ಬ್ರದರ್, ನಾನೂ ಇದೇ ಲೈನಿನಲ್ಲಿದ್ದೇನೆ. ಬೆಳಿಗ್ಗೆ ಐದಕ್ಕೆ ಶಟರ್ ಎತ್ತುತ್ತೇನೆ, ರಾತ್ರಿ ಹತ್ತಕ್ಕೆ ಇಳಿಸುತ್ತೇನೆ. ನಡುವೆ ಮಧ್ಯಾಹ್ನ ಪೂರ್ತಿ ಖಾಲಿ, ಅದಕ್ಕೆ ಸಂಬಳ ಇಲ್ಲ. ಪರ್ಸನಲ್ ಟ್ರೇನಿಂಗ್‌ನಲ್ಲಿ ಬರುವ ದುಡ್ಡಲ್ಲಿ ಜಿಮ್‌ಗೆ ಒಂದು ಪಾಲು ಹೋಗುತ್ತೆ. ಮದುವೆಗೆ ಮುಂಚೆ ಮೂರು ತಿಂಗಳಲ್ಲಿ ಸಿಕ್ಸ್ ಪ್ಯಾಕ್ ಕೇಳುವವರಿಗೆ ಹೂಂ ಅಂದರೆ ಬದುಕು ಸಲೀಸು. ಗಾಯದವರನ್ನು ಹಂತ ಹಂತವಾಗಿ ಏರಿಸುವುದು ತಾಳ್ಮೆಯ ಕೆಲಸ. ಫೋಟೋದಲ್ಲಿ ಕಾಣಲ್ಲ, ಹಾಗಾಗಿ ಮಾಲೀಕರಿಗೆ ಇಷ್ಟವಾಗಲ್ಲ.

ಆದರೆ ಬೆಲೆ ಇಲ್ಲದ ಕೆಲಸ ಅಂತ ಮಾತ್ರ ಅನ್ನಬೇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಂಡಿ ಗಾಯದ ಸೈನಿಕರಿಗೆ ಹಗುರ ವ್ಯಾಯಾಮ, ವಿಶ್ರಾಂತಿ ಅಷ್ಟೇ ಹೇಳುತ್ತಿದ್ದರು. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಆ ಸೈನಿಕರಿಂದ ಭಾರ ಎತ್ತಿಸಿದರು. ಹತ್ತು ಸಲ ಎತ್ತಬಲ್ಲ ಭಾರ ಯಾವುದು ಅಂತ ಕಂಡುಹಿಡಿದು, ವಾರ ವಾರ ಏರಿಸಿದರು. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಡಿಲಾರ್ಮ್ ತಾವೇ ಕಾಯಿಲೆಯಿಂದ ಏಳಲು ಭಾರ ಎತ್ತಿದವರು. ನಾವು ದಿನಾ ಮಾಡಿಸುವ ಸೆಟ್ಟು, ರೆಪ್ಪಿಗೆ ವೈದ್ಯಕೀಯ ಲೆಕ್ಕ ಸಿಕ್ಕಿದ್ದು ಆಸ್ಪತ್ರೆಯಲ್ಲಿ.

ಒಂದೇ ಸಲಹೆ. ಎಲ್ಲಿವರೆಗೆ ನಿಮ್ಮ ಕೆಲಸ, ಎಲ್ಲಿಂದ ಡಾಕ್ಟರದು ಅಂತ ಮೊದಲ ದಿನವೇ ಹೇಳಿ. ಹುಬ್ಬಳ್ಳಿಯವರಂಥವರಿಗೆ ಅದೇ ಉತ್ತರ. ಮತ್ತೆ, ಜಿಮ್ ಬದಲಾಯಿಸಿ. ಕೆಲಸ ಅಲ್ಲ, ಜಿಮ್.
— ಟ್ರೇನರ್, ಬೆಂಗಳೂರು

(ಹುಬ್ಬಳ್ಳಿಯವರ ಪತ್ರ ಈ ಓದುಗರಿಗೆ ಗೊತ್ತಿರಲಿಲ್ಲ. ಅವರು "ಡಾಕ್ಟರಾ ನೀನು ಅನ್ನುವವರಿಗೆ" ಅಂತ ಬರೆದಿದ್ದನ್ನು ಅವರ ಒಪ್ಪಿಗೆ ಪಡೆದು ಬದಲಾಯಿಸಿದ್ದೇವೆ.)

*

ಹೆಣ್ಣುಮಗು. ಕಬಡ್ಡಿ ಸಾಕು, ಓದಲಿ.
— ಹಿತೈಷಿ, ಊರು ಬರೆದಿಲ್ಲ

*

ಇದಕ್ಕೆ ನಾವು ಉತ್ತರಿಸುವುದಕ್ಕಿಂತ, ಕಾರ್ಕಳದಿಂದ ಬಂದ ಪತ್ರವನ್ನು ಕೆಳಗೆ ಹಾಕುವುದೇ ವಾಸಿ ಅನ್ನಿಸಿತು.

ನನಗೆ ಹತ್ತೊಂಬತ್ತು. ನಾನು ಕಬಡ್ಡಿಯಲ್ಲಿ ರೈಟ್ ಕಾರ್ನರ್. ನಮ್ಮ ತಾಲ್ಲೂಕಿನ ಮಮತಾ ಪೂಜಾರಿ ಅಕ್ಕ 2012ರಲ್ಲಿ ವರ್ಲ್ಡ್ ಕಪ್ ಗೆದ್ದ ತಂಡದ ಕ್ಯಾಪ್ಟನ್. ಹಾಗಾಗಿ ಓದು ಬೇರೆ ಕಬಡ್ಡಿ ಬೇರೆ ಅಂತ ನಮಗೆ ಯಾರೂ ಹೇಳಲ್ಲ.

ಟ್ರೇನರ್ ಸರ್ ಪತ್ರವನ್ನು ಪುನಃ ಓದಿದೆ. ಅಪ್ಪ ಏನಂದರು ಅಂತ ಇದೆ, ಮಾಲೀಕರು ಏನಂದರು ಅಂತ ಇದೆ. ಅವಳು ಏನಂದಳು ಅಂತ ಎಲ್ಲೂ ಇಲ್ಲ. ಅವಳಿಗೆ ಡೈವ್ ಹೊಡೆಯಲು ಹೆದರಿಕೆ ಇದೆಯಾ? ಕಾಲಿನ ಮೇಲೆ ನಂಬಿಕೆ ಬಂದಿದೆಯಾ? ನನ್ನ ಗೆಳತಿಗೆ ಇದೇ ಆಪರೇಷನ್ ಆಗಿತ್ತು. ಟೆಸ್ಟ್ ಎಲ್ಲ ಪಾಸ್. ಆದರೆ ಯಾರಾದರೂ ಮಂಡಿ ಹತ್ತಿರ ಬಂದರೆ ಕಣ್ಣು ಮುಚ್ಚುತ್ತಿದ್ದಳು. ಕಣ್ಣು ಮುಚ್ಚಿದರೆ ಕಬಡ್ಡಿಯಲ್ಲಿ ಮತ್ತೆ ಪೆಟ್ಟೇ. ಈ ವರ್ಷ ಆಡಬೇಡ ಅಂತ ಹೇಳುವುದಿದ್ದರೆ ಅವಳನ್ನು ಕೂರಿಸಿಕೊಂಡು ಹೇಳಿ ಸರ್. ಸುಮ್ನೆ ಅಪ್ಪನ ಹತ್ತಿರ ಜಗಳ ಆಡಿದರೆ ಅವಳಿಗೆ ಎರಡೂ ಕಡೆಯಿಂದ ಬೈಗುಳ.
— ಆಟಗಾರ್ತಿ, ಕಾರ್ಕಳ

*

ಪತ್ರಗಳನ್ನೆಲ್ಲ ಮಂಡ್ಯಕ್ಕೆ ಕಳುಹಿಸಿದ್ದೇವೆ. ಮೈಸೂರಿನದನ್ನೂ ಕಾರ್ಕಳದ್ದನ್ನೂ ಮೇಲಿಟ್ಟಿದ್ದೇವೆ. ಮಂಡಿಗೆ ಹಚ್ಚುವ ಎಣ್ಣೆ, ಲೇಪ, ಎಕ್ಕದ ಎಲೆಯ ಶಾಖದ ಬಗ್ಗೆ ಬರೆದವರಿಗೆ ಧನ್ಯವಾದ. ಸ್ಕ್ರೂ ಹಾಕಿದ ಮಂಡಿಗೆ ಅವನ್ನು ಪ್ರಕಟಿಸುವ ಧೈರ್ಯ ನಮಗೆ ಬರಲಿಲ್ಲ.
— ಸಂ.