ಖುಕ್ರಿಯ ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ ಯಾಕೆ? ಮಗಳ ಭಾಷಣಕ್ಕೆ ಸಹಾಯ ಬೇಕು

ಕಾರವಾರದ ಅಮ್ಮ:
ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ಮಗಳು ಶಾಲೆಯಲ್ಲಿ ಮಾತಾಡಬೇಕು. ಏಳನೇ ಕ್ಲಾಸು. ಇಲ್ಲಿನ ಬೀಚಿನ ಪಕ್ಕದ ಚಾಪೆಲ್ ಯುದ್ಧನೌಕೆ ನೋಡಿ ಬಂದಾಗಿನಿಂದ ಅವಳಿಗೆ ಅದೇ ಗುಂಗು. ಎಲ್ಲರೂ 1971ರ ಪಾಕಿಸ್ತಾನ ಯುದ್ಧದ ಕರಾಚಿ ದಾಳಿ ಬಗ್ಗೆ ಹೇಳುತ್ತಾರೆ, ನಾನು ಅದೇ ಯುದ್ಧದಲ್ಲಿ ಮುಳುಗಿದ ನಮ್ಮ ಯುದ್ಧನೌಕೆ ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಬಗ್ಗೆ ಹೇಳುತ್ತೇನೆ ಅಂತ ಹಟ. ನಿನ್ನೆ ಊಟಕ್ಕೆ ಕೂತಾಗ ಕೇಳಿದಳು, "ಹಡಗು ಮುಳುಗಿದರೆ ಕ್ಯಾಪ್ಟನ್ ಸಾಯಲೇಬೇಕು ಅಂತ ರೂಲ್ಸ್ ಇದೆಯಾ ಅಮ್ಮಾ?" ನನಗೆ ಉತ್ತರ ಹೊಳೆಯಲಿಲ್ಲ. ಗೊತ್ತಿರುವವರು ಹೇಳಿ.

ಅಂಕೋಲಾ ನಾವಿಕ:
ಅಂಥ ರೂಲ್ಸ್ ಇಲ್ಲ ತಂಗಿ. ಮಗುವಿಗೆ ಮೊದಲು ಅದನ್ನೇ ಹೇಳು.

ನಾನು ನೌಕಾಪಡೆ ಸೇರಿದ್ದು ಯುದ್ಧ ಮುಗಿದು ಎಷ್ಟೋ ವರ್ಷಕ್ಕೆ. ಹದಿನೈದು ವರ್ಷ ಎಂಜಿನ್ ರೂಮಿನಲ್ಲೇ ಕಳೆದೆ. ಆದ್ದರಿಂದ 1971ರ ಡಿಸೆಂಬರ್ 9ರ ರಾತ್ರಿ ನೆನೆದರೆ ನನ್ನ ಕಣ್ಣಿಗೆ ಮೊದಲು ಬರುವುದು ಕೆಳಗಿದ್ದ ಹುಡುಗರು. ಕರೆಂಟ್ ಹೋದರೆ ಕೆಳಗೆ ಪೂರ್ತಿ ಕತ್ತಲು. ಕಡಿದಾದ ಏಣಿ, ಒಬ್ಬರು ಹತ್ತುವಷ್ಟೇ ಜಾಗ. ಹಡಗು ವಾಲಿದರೆ ಆ ಏಣಿಯೂ ಕೈಗೆ ಸಿಗುವುದಿಲ್ಲ.

ಖುಕ್ರಿ ಮತ್ತು ಅದರ ಜೊತೆಗಿದ್ದ ನಮ್ಮ ಇನ್ನೊಂದು ಯುದ್ಧನೌಕೆ ಕಿರ್ಪಾಣ್, ಗುಜರಾತ್ ಪಕ್ಕದ ದಿಯು ಕರಾವಳಿಯಾಚೆ ಪಾಕಿಸ್ತಾನದ ಸಬ್‌ಮರೀನ್ ಹುಡುಕುತ್ತಿದ್ದವು. ಅದರ ಹೆಸರು ಹಂಗೋರ್. ಅದೇ ಇವರನ್ನು ಮೊದಲು ಪತ್ತೆ ಮಾಡಿತು. ಕಿರ್ಪಾಣ್ ಮೇಲೆ ಬಿಟ್ಟ ಟಾರ್ಪಿಡೊ ಸಿಡಿಯಲಿಲ್ಲ. ಮುಂದಿನದು ಖುಕ್ರಿಗೆ ಬಡಿಯಿತು. ರಾತ್ರಿ ಒಂಬತ್ತರ ಹತ್ತಿರ. ಕೆಲವೇ ನಿಮಿಷದಲ್ಲಿ ಹಡಗು ನೀರಿನೊಳಗೆ ಹೋಯಿತು.

ಆ ನಿಮಿಷಗಳಲ್ಲಿ ಮುಲ್ಲಾ ಸಾಹೇಬರು ಮಾಡಿದ್ದು ಒಂದೇ ಕೆಲಸ. ಸಿಕ್ಕಸಿಕ್ಕವರನ್ನು ಹಡಗಿನಿಂದ ಹೊರಗೆ ಕಳಿಸಿದರು. ತಮ್ಮ ಲೈಫ್ ಜಾಕೆಟ್ ತೆಗೆದು ಒಬ್ಬ ನಾವಿಕನಿಗೆ ಕೊಟ್ಟರು. ಕೆಳಗೆ ಇನ್ನೂ ಜನ ಇದ್ದರು, ಅವರು ಬರಲಾರರು ಅಂತ ಸಾಹೇಬರಿಗೆ ಗೊತ್ತಿತ್ತು. ಹಡಗು ಮುಳುಗುವಾಗ ಸಾಹೇಬರು ಬ್ರಿಜ್ ಮೇಲೆ, ಅಂದರೆ ಹಡಗು ನಡೆಸುವ ಜಾಗದಲ್ಲಿ, ತಮ್ಮ ಕುರ್ಚಿಯಲ್ಲಿ ಕೂತಿದ್ದರಂತೆ. ಬದುಕಿ ಬಂದವರು ಹೇಳಿದ ಮಾತಿದು. ಆಗ ಅವರಿಗೆ 45 ವರ್ಷ.

18 ಅಧಿಕಾರಿಗಳು, 176 ನಾವಿಕರು ಹೋದರು. ಬದುಕಿದವರು 67 ಜನ.

ಹುಬ್ಬಳ್ಳಿ ಓದುಗ:
ಒಂದು ಅನುಮಾನ ಸರ್. ಸಬ್‌ಮರೀನ್ ಇದೆ ಅಂತ ಗೊತ್ತಿದ್ದೂ ಖುಕ್ರಿ ನಿಧಾನ ಹೋಗುತ್ತಿತ್ತು ಅಂತ ಓದಿದ್ದೆ. ಅದು ತಪ್ಪಲ್ವಾ?

ಅಂಕೋಲಾ ನಾವಿಕ:
ಆ ಚರ್ಚೆ ಇವತ್ತಿಗೂ ಇದೆ. ಸದ್ದಿನಿಂದ ನೀರಿನೊಳಗಿನ ಸಬ್‌ಮರೀನ್ ಪತ್ತೆ ಮಾಡುವ ಸೋನಾರ್‌ಗೆ ಹೊಸದಾಗಿ ಜೋಡಿಸಿದ ಉಪಕರಣವೊಂದನ್ನು ಪರೀಕ್ಷಿಸುತ್ತಿದ್ದರು. ಅದಕ್ಕೆ ವೇಗ ಕಡಿಮೆ ಬೇಕಿತ್ತು. ನಿಧಾನ ಹೋಗುವ ಹಡಗು ಸಬ್‌ಮರೀನ್‌ಗೆ ಸುಲಭದ ಗುರಿ, ಒಪ್ಪುತ್ತೇನೆ. ಆದರೆ ಖುಕ್ರಿಯ ಸೋನಾರ್‌ಗೆ ಹಂಗೋರ್ ಕೇಳಿಸುವ ಮೊದಲೇ ಹಂಗೋರ್‌ಗೆ ಖುಕ್ರಿ ಕೇಳಿಸುತ್ತಿತ್ತು. ಕಿವಿ ಮಂದ ಇರುವವನನ್ನು ಕತ್ತಲಲ್ಲಿ ಬೇಟೆಗೆ ಕಳಿಸಿದ ಹಾಗೆ. ಆ ಕೊರತೆ ತುಂಬಲಿಕ್ಕೇ ಆ ಪರೀಕ್ಷೆ ನಡೆದಿತ್ತು. ಜೊತೆಗಿರಬೇಕಿದ್ದ ಮೂರನೇ ಹಡಗು ಕುಠಾರ್, ಬಾಯ್ಲರ್ ಕೆಟ್ಟು ಬಾಂಬೆಗೆ ಹೋಗಿತ್ತು. ವೇಗದ ಲೆಕ್ಕ ತಪ್ಪಿತು ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಟಾರ್ಪಿಡೊ ಬಡಿದ ಮೇಲೆ ಆ ಮನುಷ್ಯ ನಡೆದುಕೊಂಡ ರೀತಿಯಲ್ಲಿ ನನಗೆ ಒಂದು ತಪ್ಪೂ ಕಾಣುವುದಿಲ್ಲ.

ಮುಲ್ಲಾ ಸಾಹೇಬರು ಗೋರಖ್‌ಪುರದಲ್ಲಿ ಹುಟ್ಟಿದವರು. ಮನೆತುಂಬ ವಕೀಲರು. ಇವರು ಮಾತ್ರ ಸಮುದ್ರಕ್ಕೆ ಬಂದರು. ಮರಣೋತ್ತರವಾಗಿ ಮಹಾವೀರ ಚಕ್ರ ಕೊಟ್ಟರು. ದಿಯುವಿನಲ್ಲಿ ಸ್ಮಾರಕ ಇದೆ, ಗಾಜಿನ ಮನೆಯೊಳಗೆ ಖುಕ್ರಿಯ ಮಾದರಿ, ಎದುರಿಗೇ ಸಮುದ್ರ. ರಿಟೈರ್ ಆದ ಮೇಲೆ ಅಲ್ಲಿಗೆ ಹೋಗಿದ್ದೆ. ಎಂಜಿನ್ ರೂಮ್ ಎಲ್ಲಿ ಬರುತ್ತದೆ ಅಂತ ಆ ಮಾದರಿಯಲ್ಲಿ ಹುಡುಕುತ್ತಾ ತುಂಬಾ ಹೊತ್ತು ನಿಂತಿದ್ದೆ.

ಕಾರವಾರದ ಅಮ್ಮ:
ತುಂಬಾ ಥ್ಯಾಂಕ್ಸ್ ಅಣ್ಣಾ. ಅವಳಿಗೆ ಓದಿ ಹೇಳಿದೆ. ಭಾಷಣದ ಮೊದಲ ಸಾಲು ಬದಲಿಸಿದ್ದಾಳೆ: "ಆ ರಾತ್ರಿ ಒಬ್ಬರು ತಮ್ಮ ಲೈಫ್ ಜಾಕೆಟ್ ಬಿಚ್ಚಿದರು." ಆಮೇಲೆ ಇನ್ನೊಂದು ಪ್ರಶ್ನೆ. ಅದನ್ನು ಹಾಕಿಕೊಂಡ ನಾವಿಕ ಬದುಕಿದನಾ ಅಂತ.